ಪೆನ್ಸಿಲ್ ಮುಚ್ಚಿದ ಕಲೆಗಳು

ಫೋನಿನಲ್ಲಿದ್ದ ಫೋಟೋಗಳು ತಮ್ಮಷ್ಟಕ್ಕೆ ತಾವೇ ಚೆಂದವಾಗತೊಡಗಿ ಹನ್ನೊಂದು ವರ್ಷವಾಗಿತ್ತು. ಯಾರು ಬೇಡವೆಂದರೂ ಮುಖಗಳು ವಾರವಾರವೂ ಇನ್ನಷ್ಟು ಬೆಳ್ಳಗಾಗುತ್ತಿದ್ದವು, ಇನ್ನಷ್ಟು ನಗುತ್ತಿದ್ದವು. ಹೀಗಾಗಿ ಇದ್ದ ಮುಖ ಇದ್ದಂತೆಯೇ ಬರುವ ರೀಲ್ ಫೋಟೋ ತೆಗೆಸಿಕೊಳ್ಳಲು ಗದಗಿನ ಮುರಿಗೆಪ್ಪನ ಹಳೆಯ ಸ್ಟುಡಿಯೋ ಮುಂದೆ ದಿನಾ ಸರದಿ. ನಿಂತು ನಿಂತು ಅವನ ಸೊಂಟ ಬಿದ್ದುಹೋಗಿತ್ತು.

"ಅಣ್ಣಾರ, ನಮ್ಮ ಮನಿಯವ್ರು ಹೋಗಿ ವರ್ಷ ಆತು," ಎಂದಳು ಸರದಿಯಲ್ಲಿ ಬಂದ ಶಾರವ್ವ. "ಅವ್ರ ಮಾರಿ ತುಂಬ ಸಿಡುಬಿನ ಕಲಿ ಇದ್ದುವು. ಫೋನ್‌ನ್ಯಾಗ ಒಂದೂ ಉಳದಿಲ್ಲ. ನಮ್ಮ ಮದುವಿ ಫೋಟೋ ನೀವ ತಗದಿದ್ರಿ."

ಮುರಿಗೆಪ್ಪ ಡಬ್ಬಿ ಹುಡುಕಿ ನೆಗೆಟಿವ್ ತೆಗೆದು ಬೆಳಕಿಗೆ ಹಿಡಿದ. ಮದುಮಗನ ಕೆನ್ನೆ ನುಣ್ಣಗಿತ್ತು. ಅದು ಮುರಿಗೆಪ್ಪನದೇ ಕೈಕೆಲಸ. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಕಲೆ ಮುಚ್ಚುವುದರಲ್ಲಿ ಆ ಕಾಲಕ್ಕೆ ಅವನನ್ನು ಮೀರಿಸುವವರಿರಲಿಲ್ಲ. ಊರೆಲ್ಲ ಅದಕ್ಕೇ ಅವನಲ್ಲಿಗೆ ಬರುತ್ತಿತ್ತು.

"ತಪ್ಪು ನಂದ ಐತಿ, ತಂಗಿ," ಎಂದವನು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಪೆನ್ಸಿಲ್ಲನ್ನು ಮೆಲ್ಲಗೆ ಒರೆಸಿ, ಕತ್ತಲೆ ಕೋಣೆಗೆ ಹೋಗಿ ಹೊಸ ಪ್ರಿಂಟ್ ಹಾಕಿ ತಂದ.

ಒದ್ದೆ ಕಾಗದದಲ್ಲಿ ಕಲೆಗಳೆಲ್ಲ ಮರಳಿದ್ದವು. ಶಾರವ್ವ ಒಂದೊಂದನ್ನೂ ಬೆರಳಿನಿಂದ ಸವರಿ, "ಇವ್ರ ನೋಡ್ರಿ, ನಮ್ಮವ್ರು," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮುರಿಗೆಪ್ಪ ಕಪಾಟಿನತ್ತ ನೋಡಿದ. ನಲವತ್ತು ವರ್ಷದ ಡಬ್ಬಿಗಳು, ಅಷ್ಟರಲ್ಲೂ ನುಣ್ಣನೆಯ ಮುಖಗಳು. ಉಸ್ಸೆಂದು ಕುಳಿತು ಇನ್ನಷ್ಟು ಹತ್ತಿ ಹಿಂಜತೊಡಗಿದ.