ತೆರೆಯಬಾರದ ಮೇಲ್

ಅಳಿಸುವ ಮೊದಲು ಮೇಸ್ತ್ರಿ ಅದನ್ನು ಎರಡು ಸಲ ಓದಿದ.

‘ಅಪ್ಪಾ, ನಾನು ಗುಬ್ಬಿ. ನಿಮ್ಮ ನಂಬರ್ ಸಿಗ್ತಿಲ್ಲ, ಅಂಗಡಿ ವಿಳಾಸ ಹುಡುಕಿ ಬರೀತಿದ್ದೀನಿ. ನಾಳೆ ಮಧ್ಯಾಹ್ನ ಮೂರಕ್ಕೆ ನಮ್ಮ ರೈಲು ನಿಮ್ಮೂರಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತೆ. ಅಲ್ಲಿಂದ ಬಂದರಿಗೆ, ಆಮೇಲೆ ಹಡಗು. ಮೊಮ್ಮಗಳ ಫೋಟೋ ಜೊತೆಗಿದೆ. ನೀವು ಬರದಿದ್ರೆ ಕೋಪ ಹೋಗಿಲ್ಲ ಅಂದ್ಕೋತೀನಿ. ಮತ್ತೆ ತೊಂದ್ರೆ ಕೊಡಲ್ಲ.’

ಗುರುತಿಲ್ಲದ ವಿಳಾಸ. ಅವಸರ. ಬೇಕಾದವರ ಹೆಸರು. ತೆರೆಯಲು ಒಂದು ಫೋಟೋ. ಬೀಗದವನು ಸೋಮವಾರ ಹೇಳಿಕೊಟ್ಟ ಕಳ್ಳ ಮೇಲ್‌ನ ನಾಲ್ಕು ಲಕ್ಷಣಗಳೂ ಇದ್ದವು. ಮೇಸ್ತ್ರಿ ನಾಲ್ಕು ಬೆರಳು ಮಡಚಿದ, ಅಳಿಸುವ ಗುಂಡಿ ಒತ್ತಿದ, ಚೀಟಿಯಲ್ಲಿ ‘ಬುಧವಾರ, ಹತ್ತೂವರೆ’ ಎಂದು ಬರೆದುಕೊಂಡ. ಎದೆ ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ ಮರಗಟ್ಟಿತ್ತು.

ಅದು ಕಟ್ಟುಹಲ್ಲು ಮಾಡುವ ಸಣ್ಣ ಅಂಗಡಿ. ‘ಕಡಲೆ ಇದ್ದು ಹಲ್ಲಿಲ್ಲದವರಿಗೆ ಹಲ್ಲು ಕೊಡೋರು ನಾವು’ ಎಂಬುದು ಯಜಮಾನಿಯ ಹಳೆಯ ತಮಾಷೆ. ದಂತವೈದ್ಯರು ರೋಗಿಗಳ ಬಾಯಿಯ ಅಳತೆಯನ್ನು ಮೇಲ್‌ನಲ್ಲಿ ಕಳಿಸುತ್ತಾರೆ. ಮೇಸ್ತ್ರಿ ಪರದೆಯ ಮೇಲೆ ಹಲ್ಲು ಕೂರಿಸುತ್ತಾನೆ, ಯಜಮಾನಿ ಬಣ್ಣ ಕೊಡುತ್ತಾಳೆ, ಫೋನಿನಕ್ಕ ಫೋನು ನೋಡಿಕೊಂಡು ಡಬ್ಬಿ ಕಟ್ಟುತ್ತಾಳೆ. ಇರುವುದೇ ಮೂರು ಜನ. ಬೆಳಿಗ್ಗೆ ಮೇಲ್ ತೆರೆಯುವ ಕೆಲಸವನ್ನು ಮಾತ್ರ ಮೇಸ್ತ್ರಿ ಆರು ವರ್ಷದಿಂದ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಏಕೆಂದು ಯಾರೂ ಕೇಳಿರಲಿಲ್ಲ.

ಎರಡು ತಿಂಗಳ ಹಿಂದೆ, ಪರಿಚಯದ ವೈದ್ಯರ ಹೆಸರಲ್ಲಿ ಬಂದ ಮೇಲೊಂದನ್ನು ತೆರೆದವನೂ ಅವನೇ. ಐದು ನಿಮಿಷದಲ್ಲಿ ಕಂಪ್ಯೂಟರಿನ ಎಲ್ಲ ಅಳತೆಗಳಿಗೂ ಬೀಗ ಬಿತ್ತು. ದುಡ್ಡಿಗಾಗಿ ಬೀಗ ಹಾಕಿದ ಕಳ್ಳರು ಯಾರೋ, ಎಲ್ಲಿಯವರೋ. ಹತ್ತೊಂಬತ್ತು ದಿನ ಕೆಲಸ ನಿಂತಿತು; ನಲವತ್ತು ಬೊಚ್ಚುಬಾಯಿಗಳು ಮೆತ್ತನೆಯದನ್ನೇ ನುಂಗಿಕೊಂಡು ಕಾದವು. ಯಜಮಾನಿ ಬೈಯಲಿಲ್ಲ. ‘ಇನ್ನೊಂದು ಸಲ ಹೀಗಾದ್ರೆ ಬಾಗಿಲು ಮುಚ್ಚೋದೇ’ ಎಂದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಕರೆಸಿದವನೇ ಈ ಬೀಗದವನು. ಕಂಪ್ಯೂಟರ್ ಭದ್ರತೆಯ ಸಲಹೆಗಾರ. ಮಾತಿಗೊಮ್ಮೆ ಬೀಗ ಬೀಗ ಎನ್ನುತ್ತಿದ್ದುದರಿಂದ ಆ ಹೆಸರು ಬಿತ್ತು. ಸೋಮವಾರ ಬಂದು ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದ, ಅಳತೆಗಳಿಗೆಲ್ಲ ಇನ್ನೊಂದು ಪ್ರತಿ ತೆಗೆದಿಟ್ಟ, ಆಮೇಲೆ ಮೂವರನ್ನೂ ಎದುರು ಕೂರಿಸಿಕೊಂಡ.

“ಯಾರ ಮೇಲ್ ಬಂದ್ರೆ ನೀವು ಹಿಂದೆಮುಂದೆ ನೋಡದೆ ತೆಗೀತೀರಿ?”

“ನಮ್ಮ ತಂಗೀದು” ಎಂದಳು ಯಜಮಾನಿ. ಮೇಸ್ತ್ರಿ ಕನ್ನಡಕ ಒರೆಸತೊಡಗಿದ. ಫೋನಿನಕ್ಕನಿಗೆ ತಡೆಯಲಾಗಲಿಲ್ಲ.

“ಮೇಸ್ತ್ರಿ ಮಗಳದು ತೆಗೀತಾರೆ. ಮನೆ ಬಿಟ್ಟು ಆರು ವರ್ಷ ಆಯ್ತು, ಪಾಪ. ಗುಬ್ಬಿ ಅಂತ ಕರೀತಿದ್ರು.”

ಬೀಗದವನು ಅದನ್ನೂ ಬರೆದುಕೊಂಡ. “ಕಳ್ಳ ಬರೋದು ಅಂಥ ಹೆಸರಲ್ಲೇ. ನಾನೂ ಸುಳ್ಳು ಮೇಲ್ ಕಳಿಸಿ ನಿಮ್ಮನ್ನ ಪರೀಕ್ಷೆ ಮಾಡ್ತೀನಿ. ಯಾವತ್ತು ಅಂತ ಹೇಳಲ್ಲ. ಫೋನೂ ಬರಬಹುದು, ಈಗ ದನೀನೂ ನಕಲು ಮಾಡ್ತಾರೆ. ತೆಗೀಬೇಡಿ, ಉತ್ತರ ಕೊಡಬೇಡಿ. ಅಳಿಸಿ, ಹೊತ್ತು ಬರೆದಿಡಿ. ಶುಕ್ರವಾರ ಬಂದು ನೋಡ್ತೀನಿ.”

ಎರಡೇ ದಿನಕ್ಕೆ ಗುಬ್ಬಿಯ ಹೆಸರು ಬಂದಿತ್ತು. ಅದು ಗೊತ್ತಿದ್ದುದು ಮನೆಯವರಿಗೆ, ಈಗ ಈ ಕೋಣೆಗೆ. ಬೀಗದವನು ಕೆಲಸ ಬಲ್ಲವ ಎಂದುಕೊಂಡ ಮೇಸ್ತ್ರಿ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ‘ಇನ್ನು ಈ ಹೊಸ್ತಿಲು ತುಳೀಬೇಡ’ ಎಂದು ಮಗಳಿಗೆ ಅಂದವನು ತಾನೇ. ಮರುದಿನ ನಂಬರ್ ಬದಲಿಸಿದವನೂ ತಾನೇ. ಅಂಥವನಿಗೆ ಯಾವ ಮಗಳು ತಾನೇ ಬರೆದಾಳು?

ಗುರುವಾರ ಮಧ್ಯಾಹ್ನ ಎರಡೂವರೆಗೆ ಅವನು ಚಪ್ಪಲಿ ಮೆಟ್ಟಿದ. ಸ್ಟೇಷನ್ನು ಹತ್ತು ನಿಮಿಷದ ದಾರಿ. ಹೋಗಿ, ಎಲ್ಲ ಕಿಟಕಿಗಳಲ್ಲೂ ಇಣುಕಿ, ಬರಿಗೈಯಲ್ಲಿ ವಾಪಸು ಬರುವುದನ್ನು ನೆನೆದ. ಆಸೆಪಟ್ಟು ಮೋಸಹೋಗುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಯಾರದೋ ಕೆಳದವಡೆಯ ಕೆಲಸಕ್ಕೆ ಕೂತ.

ಮೂರು ಹತ್ತಕ್ಕೆ ಫೋನ್ ಬಡಿದುಕೊಂಡಿತು.

“ಯಾರೋ ಹೆಂಗಸು, ನಿಮ್ಮನ್ನೇ ಕೇಳ್ತಿದಾಳೆ.” ಫೋನಿನಕ್ಕ ರಿಸೀವರಿಗೆ ಅಂಗೈ ಅಡ್ಡ ಹಿಡಿದಳು. “ಹೆಸರು ಕೇಳಿದ್ರೆ ಅಳ್ತಾಳೆ. ಪರೀಕ್ಷೇನಾ?”

“ಮತ್ತಿನ್ನೇನು? ನಾನಿಲ್ಲ ಅನ್ನಿ.”

“ಪಾಪ ಅನ್ಸುತ್ತೆ ರೀ.”

“ಅನ್ಸೋ ಹಾಗೇ ಮಾಡ್ತಾರೆ.”

ಫೋನಿನಕ್ಕ ಇಲ್ಲವೆಂದಳು. ಆ ಕಡೆಯವಳು ‘ಸರಿ’ ಎಂದು ಇಟ್ಟಳಂತೆ. ಮೇಸ್ತ್ರಿ ಚೀಟಿಯಲ್ಲಿ ಹೊತ್ತು ಬರೆದುಕೊಂಡ. ಪರದೆಯ ಮೇಲೆ ಕೋರೆಹಲ್ಲೊಂದು ಕೂದಲೆಳೆಯಷ್ಟು ವಾಲಿತ್ತು, ನೆಟ್ಟಗೆ ಮಾಡಿದ.

ಶುಕ್ರವಾರ ಹನ್ನೊಂದಕ್ಕೆ ಬೀಗದವನು ಬಂದ. ಮುಖ ಬಾಡಿತ್ತು, ಕತ್ತಿಗೆ ಮಫ್ಲರ್ ಸುತ್ತಿಕೊಂಡಿದ್ದ. ಹೇಳಬೇಕಾದ ಮಾತನ್ನು ಮೇಸ್ತ್ರಿ ರಾತ್ರಿಯೇ ಜೋಡಿಸಿಟ್ಟಿದ್ದ: ನಿಮ್ಮ ಪರೀಕ್ಷೆ ಗೆದ್ದೆ ಸ್ವಾಮಿ, ಆದರೆ ಮಗಳ ಹೆಸರು ಬಳಸಬಾರದಿತ್ತು, ಹೊಟ್ಟೆಗೆ ಏನು ತಿನ್ನುತ್ತೀರಿ? ಚೀಟಿ ಹಿಡಿದು ಎದ್ದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಬೀಗದವನು ಯಜಮಾನಿಯ ಕಡೆ ತಿರುಗಿದ.

“ತಪ್ಪು ತಿಳ್ಕೋಬೇಡಿ ಮೇಡಂ. ಸೋಮವಾರ ಇಲ್ಲಿಂದ ಹೋದವನು ಜ್ವರ ಬಂದು ಮಲಗಿಬಿಟ್ಟೆ, ಇವತ್ತೇ ಎದ್ದಿದ್ದು. ಒಂದು ಮೇಲೂ ಕಳಿಸಿಲ್ಲ, ಒಂದು ಫೋನೂ ಮಾಡಿಸಿಲ್ಲ. ಪರೀಕ್ಷೆ ಬರೋ ಸೋಮವಾರದಿಂದ ಶುರು.”