ಒಬ್ಬರಾದರೂ ಬನ್ನಿ

ಸುವಾರ್ತೆ ಸಾರಲಿಕ್ಕೆಂದು ಮಂಗಳೂರಿನ ನಮ್ಮ ಚರ್ಚಿನ ಸಭೆಯವರು ಆಫ್ರಿಕಾದ ಒಂದು ಹಳ್ಳಿಗೆ ಹೋಗಿದ್ದೆವು. ಹೋದ ಮೇಲೆ ಗೊತ್ತಾಯಿತು, ಅಲ್ಲಿಯವರೆಲ್ಲ ಅಜ್ಜನ ಕಾಲದಿಂದಲೇ ಕ್ರೈಸ್ತರು. ಪಾದ್ರಿ ಅಯ್ಯನವರು ಇಂಗ್ಲಿಷಿನಲ್ಲಿ ಗಂಟಲು ಹರಿದುಕೊಂಡರು, ದುಭಾಷಿ ಅದನ್ನು ಅವರ ಭಾಷೆಗೆ ತಿರುಗಿಸಿದ. ಜನ ಹಾಡಿದರು, ಕುಣಿದರು. ಹೊಸದಾಗಿ ನಂಬಿದೆ ಎಂದು ಮುಂದೆ ಬಂದವರು ಮಾತ್ರ ಒಬ್ಬರೂ ಇಲ್ಲ.

ಅಯ್ಯನವರ ಸಿಟ್ಟೆಲ್ಲ ಅವರ ಹೆಂಡತಿಯ ಮೇಲೆ, ಸಭೆಯವರೆಲ್ಲ ಅಮ್ಮನವರು ಎಂದು ಕರೆಯುವವರ ಮೇಲೆ.

"ನೀನೆಂತ ಮೋರೆ ಊದಿಸಿಕೊಂಡು ಕೂತದ್ದು? ನಿನ್ನನ್ನು ನೋಡಿದ್ರೆ ಯಾರು ಬರ್ತಾರೆ ಮಾರಾಯ್ತಿ?"

"ಜ್ವರ ಬಂದ ಹಾಗುಂಟು..."

"ಹೊರಡುವಾಗಲೇ ಹೇಳಿದ್ದೆ, ಮನೆಯಲ್ಲೇ ಬಿದ್ದಿರು ಅಂತ."

"ಇರಲಿ ಅಯ್ಯನವರೇ, ನಾಳೆ ಹೊರಡುವುದಲ್ವಾ," ಎಂದೆ ನಾನು.

"ಬರಿಗೈಯಲ್ಲಿ ಹೋಗಿ ಊರಲ್ಲಿ ಎಂತ ಹೇಳುವುದು? ಒಬ್ಬನಾದ್ರೂ ಬೇಡ್ವಾ?"

ಕೊನೆಯ ಕೂಟದಲ್ಲಿ ಹತಾಶೆಗೆ ಅವರಿಗೆ ಇಂಗ್ಲಿಷೇ ಮರೆತುಹೋಯಿತು. ಎರಡೂ ಕೈ ಚಾಚಿ ಕನ್ನಡದಲ್ಲೇ ಕೂಗಿದರು: "ಪ್ರೀತಿ ಅಂದ್ರೆ ಎಂತದೆಂದು ಈವರೆಗೆ ಕಾಣದವರು ಒಬ್ಬರಾದರೂ ಇದ್ದರೆ, ಎದ್ದು ಮುಂದೆ ಬನ್ನಿ!"

ದುಭಾಷಿ ಕಂಗಾಲಾಗಿ ನನ್ನ ಮುಖ ನೋಡಿದ. ಅಷ್ಟರಲ್ಲಿ ಅಮ್ಮನವರು ಎದ್ದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಡೆದುಹೋಗಿ, ಗಂಡನ ಮುಂದೆ ಮೊಣಕಾಲೂರಿದರು.