ಮೆಷಿನ್ನಿನ ಭಾರ

"ಮಗೂಗೆ ಯಾಕೆ ಜ್ವರ ಬರ್ಸಿದೀಯ?" ಎಂದಳು ಅಕ್ಕ, ಹೊಲಿಯುತ್ತಿದ್ದ ಕಾಲರಿನಿಂದ ಕಣ್ಣೆತ್ತದೆ.

ತಮ್ಮ ಗಟ್ಟಿಯಾಗಿ ಓದುತ್ತಿದ್ದ ತನ್ನ ಕಥೆಯ ಹಾಳೆಯನ್ನು ಕೆಳಗಿಳಿಸಿದ. "ಅದು... ಅವಳು ಯಾಕೆ ಕದ್ದಳು ಅಂತ ಓದೋರಿಗೆ ಗೊತ್ತಾಗ್ಬೇಕಲ್ಲ."

"ಗೊತ್ತಾಯ್ತು ಬಿಡು. ನನ್ನ ಅಳ್ಸೋಕೆ ಹಸುಗೂಸಿನ ಮೈ ಬಿಸಿ ಮಾಡಿದೀಯ. ಹೋದ್ಸಲ ಅವಳ ಗಂಡನ್ನ ಕುಡುಕನ್ನ ಮಾಡಿದ್ದೆ. ಮುಂದಿನ್ಸಲ ಯಾರನ್ನ ಸಾಯಿಸ್ತೀಯೋ! ಬೀಗ ರಿಪೇರಿ ಮಾಡೋನು ನೀನು, ಕಳ್ಳೀಗೆ ವಕೀಲ ಆಗಿದೀಯಲ್ಲೋ."

ಕಥೆಯ ಕಳ್ಳಿ ಅಕ್ಕನಿಗೆ ಅಪರಿಚಿತಳಲ್ಲ. ಇದೇ ಕೋಣೆಯಲ್ಲಿ ವರ್ಷಗಟ್ಟಲೆ ಕೂತು ಅಂಗಿಗಳಿಗೆ ಕಾಜಾ ಹೊಲಿದವಳು. ಅಕ್ಕ ಬಟ್ಟೆ ತರಲು ಹೋಗಿದ್ದ ಒಂದು ಮಧ್ಯಾಹ್ನ ಹೊಲಿಗೆ ಮೆಷಿನ್ನನ್ನು ಎತ್ತಿಕೊಂಡು ಹೋದವಳು ಮತ್ತೆ ಮುಖ ತೋರಿಸಲಿಲ್ಲ. ಕಥೆ ಬರೆಯುವುದನ್ನು ಕಲಿಸುವ ಸಂಜೆ ತರಗತಿಯಲ್ಲಿ ತಮ್ಮ ಇದನ್ನು ಓದಿದಾಗ ಇಬ್ಬರು ಕಣ್ಣೊರೆಸಿಕೊಂಡಿದ್ದರು. ಪತ್ರಿಕೆಗೆ ಕಳಿಸು ಎಂದು ಮೇಷ್ಟ್ರೂ ಹೇಳಿದ್ದರು. ತಮ್ಮನಿಗೆ ಅದು ಸಾಲದು. ಏನೂ ಕಳೆದುಕೊಳ್ಳದವರು ಅತ್ತರೆ ಏನು ಬಂತು? ಮೆಷಿನ್ ಕಳೆದುಕೊಂಡವಳು ಒಂದು ಗಳಿಗೆಯಾದರೂ ಆ ಹೆಂಗಸಿನ ಪಕ್ಕ ನಿಲ್ಲಬೇಕು. ಇಲ್ಲದಿದ್ದರೆ ಕಥೆ ಈ ಕೋಣೆ ದಾಟಕೂಡದು. ಹೀಗೆ ಹಟ ಹಿಡಿದ ಮೇಲೆ ಅವನಿಗೇ ಅಳುಕು: ಅಕ್ಕನ ಗಾಯದ ಮೇಲೆ ಬರೆ ಎಳೆಯುತ್ತಿದ್ದೇನೆಯೇ?

ಆದರೂ ಪೆನ್ನು ತೆಗೆದು ಮಗುವನ್ನು ಹೊಡೆದುಹಾಕಿದ. ಗಂಡನೂ ಹೋದ. ಉಳಿದದ್ದು ಒಬ್ಬ ಹೆಂಗಸು, ಒಂದು ಮೆಷಿನ್ನು. ಅವಳ ಮನೆಯ ಕಷ್ಟ ತನಗೇನು ಗೊತ್ತಿತ್ತು? ತಲೆ ಕೆರೆದುಕೊಂಡು ಕೂತವನು ತಟ್ಟನೆ ಎದ್ದ.

"ಅಕ್ಕಾ, ಸ್ವಲ್ಪ ಏಳು." ಬೆಲ್ಟು ಬಿಡಿಸಿ, ಸ್ಕ್ರೂ ಸಡಿಲಿಸಿ, ಕಳುವಾದದ್ದರ ಬದಲಿಗೆ ಕೊಂಡಿದ್ದ ಮೆಷಿನ್ನನ್ನು ಮೇಜಿನಿಂದ ಎತ್ತಿದ.

"ಏಯ್, ಎಲ್ಲಿಗೋ ಅದು? ಒಂದ್ಸಲ ಹೋಗಿದ್ದು ಸಾಲ್ದಾ? ತಲೆಗಿಲೆ ಕೆಟ್ಟಿದ್ಯಾ ನಿಂಗೆ!"

"ಕೆಳಗೆ ಹೋಗಿ ಬರ್ತೀನಿ."

ಮೂರು ಮಹಡಿ ಇಳಿಯಬೇಕು. ಎದೆಗೆ ಅವಚಿಕೊಂಡರೆ ಕಾಲ ಕೆಳಗಿನ ಮೆಟ್ಟಿಲು ಕಾಣದು. ಸೊಂಟಕ್ಕೆ ಜಾರಿಸಿದರೆ ಚಕ್ರ ಪಕ್ಕೆಗೆ ಒತ್ತುತ್ತದೆ. ಅಂಗಿಗೆ ಎಣ್ಣೆ ಇಳಿಯಿತು. ತಿರುವಿಗೆ ಬರುವಷ್ಟರಲ್ಲಿ ಬೆರಳುಗಳು ಮರಗಟ್ಟಿದವು. ಕೆಳಗಿಟ್ಟರೆ ಸದ್ದಾಗುತ್ತದೆ. ಅಷ್ಟರಲ್ಲಿ ಯಾರೋ ಹತ್ತಿ ಬರುವ ಚಪ್ಪಲಿ ಸದ್ದು. ಹೊತ್ತದ್ದು ಒಡಹುಟ್ಟಿದವಳ ಮೆಷಿನ್ನನ್ನೇ ಆದರೂ ಅವನು ಗೋಡೆಯ ಕಡೆ ಮುಖ ತಿರುಗಿಸಿ ನಿಂತ. ಬಂದವರು ಪಕ್ಕಕ್ಕೆ ಸರಿದು ಮೇಲೆ ಹೋದರು.

ಏದುಸಿರು ಬಿಡುತ್ತ ವಾಪಸು ಬಂದು, ಮೆಷಿನ್ನನ್ನು ಜಾಗಕ್ಕೆ ಕೂರಿಸಿ, ಅಕ್ಕನ ಬೈಗುಳ ಇನ್ನೂ ಮುಗಿಯದಿರುವಾಗಲೇ ಬರೆಯಲು ಕೂತ. ಅಕ್ಷರ ಕೋಳಿ ಕೆದರಿದಂತಿತ್ತು. ಅವಳು ಯಾಕೆ ಕದ್ದಳೆಂದು ಒಂದು ಸಾಲೂ ಬರೆಯಲಿಲ್ಲ. ಕಥೆಯಲ್ಲಿ ಅವಳಿಗೆ ಮೆಷಿನ್ ಹೊರಿಸಿ ಮೂರು ಮಹಡಿ ಇಳಿಸಿದ, ಅಷ್ಟೇ.

ಬರೆದದ್ದನ್ನು ಅಕ್ಕನಿಗೆ ಓದಿ ಹೇಳಿದ. ತಲೆ ಎತ್ತಿ ನೋಡುವ ಧೈರ್ಯವಾಗಲಿಲ್ಲ.

"ಮುಗೀತಾ?"

"ಮುಗೀತು."

"ಏನೇ ಬರಿ, ಕಳ್ಳಿ ಕಳ್ಳೀನೇ."

"ಹೂಂ," ಎಂದ ತಮ್ಮ. ಹಾಳೆಗಳನ್ನು ಜೋಡಿಸಿಕೊಂಡು, ನಾಳೆ ಮತ್ತೆ ಮೊದಲಿನಿಂದ ಬರೆಯೋಣ ಎಂದುಕೊಂಡ.

ಅಕ್ಕ ಸೂಜಿಗೆ ದಾರ ಪೋಣಿಸಲು ಹೋದಳು, ತಪ್ಪಿತು. ಮತ್ತೆ ತಪ್ಪಿತು. ಆಮೇಲೆ ಸಿಡುಕಿನಿಂದ ಅವನ ಕಡೆ ತಿರುಗಿದಳು.

"ಅಲ್ವೋ, ಮೆಟ್ಲು ಹತ್ತಿ ಬಂದೋರಿಗೆ ಕಣ್ಣಿರ್ಲಿಲ್ವಾ? ಅಷ್ಟು ಭಾರ ಹೊತ್ಕೊಂಡು ನಿಂತಿದಾಳೆ, ಒಂದು ಕೈ ಹಿಡೀಬಾರ್ದಿತ್ತಾ ಅವಳಿಗೆ?"